ಹಾಡು ಮುಗಿಯೂತನಕ

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಏನಾದರೂ ವಾದ ಮಾಡಿದರೆ ಸಾಕು, ಎದುರಿನವರು ವಾದ ಬಿಟ್ಟು ನನ್ನ ಶಿಕ್ಷಣ ವಿಚಾರಿಸುತ್ತಾರೆ. ವಿಚಾರಿಸಲಿ. ಶಾಲೆಯಲ್ಲಿ ನನಗೆ ಚೆನ್ನಾಗಿ ತಿಳಿದ ವಿಷಯ ಒಂದೇ: ಎರಡು ತಾಸುಗಳ ನಡುವೆ ಬಡಿಯುವ ಗಂಟೆ. ಒಬ್ಬ ಮಾಸ್ತರರು ಹೋಗಿ ಇನ್ನೊಬ್ಬರು ಬರುವುದರೊಳಗೆ ಸಿಗುತ್ತಿದ್ದ ಆ ಚೂರು ಹೊತ್ತಿನಲ್ಲಿ ಕಾಲು ಚಾಚುತ್ತಿದ್ದೆವು, ಜಗಳ ಆಡುತ್ತಿದ್ದೆವು, ರಾಜಿಯೂ ಆಗುತ್ತಿದ್ದೆವು. ಇತಿಹಾಸ ಮುಗಿಯುವ ಮೊದಲೇ ಗಣಿತದ ಮಾಸ್ತರರು ಒಳಗೆ ಬಂದು, ಇಬ್ಬರೂ ಕೂಡಿ ಒಂದಿಷ್ಟು ಹೊತ್ತು ಕಲಿಸಿದ್ದರೆ ನಾನು ಎಂಟನೆಯ ತನಕವೂ ಹೋಗುತ್ತಿರಲಿಲ್ಲ. ಯಾವ ಶಾಲೆಯೂ ಮಾಡದ ಆ ಕೆಲಸವನ್ನು ಈಗಿನ ಮೊಬೈಲುಗಳು ಹಾಡುಗಳಿಗೆ ಮಾಡುತ್ತಿವೆ. ಅದನ್ನು ಸುಧಾರಣೆ ಎಂದು ನನ್ನ ಬಾಯಿಂದ ಯಾರೂ ಹೇಳಿಸಲಾರರು.

ಅಣ್ಣಿಗೇರಿಯಲ್ಲಿ ನನ್ನದೊಂದು ರೊಟ್ಟಿ ಕೇಂದ್ರ ಇದೆ. ಮೊದಲು ಕಾಳಿನ ಚೀಲ ಹೊತ್ತೆ, ಆಮೇಲೆ ಚಹಾ ಮಾರಿದೆ, ಆಮೇಲೆ ಇದು. ನಾಲ್ಕು ಒಲೆ, ಒಲೆಗೊಬ್ಬ ಹೆಣ್ಣುಮಗಳು. ಅವರಲ್ಲಿ ಒಬ್ಬಳು ನನ್ನ ಹೆಂಡತಿ ನೀಲವ್ವ. ಎಲ್ಲರಿಗಿಂತ ಹಿರಿಯಳು ಗಂಗಕ್ಕ. ಪಗಾರ ಕೊಡುವವನು ನಾನಾದರೂ ಗಂಗಕ್ಕ ನನ್ನನ್ನು ‘ತಮ್ಮಾ’ ಎನ್ನುತ್ತಾಳೆ, ಸಿಟ್ಟು ಬಂದರೆ ‘ಲೇ ತಮ್ಮಾ’. ಕೆಲಸಕ್ಕೆ ಹುರುಪು ಬರಲೆಂದು ಸ್ಪೀಕರಿನಲ್ಲಿ ಹಾಡು ಹಚ್ಚುತ್ತೇನೆ, ಅದಕ್ಕೆ ನನ್ನದೇ ಒಂದು ಕಾಯ್ದೆ ಇದೆ. ಹಾಡು ನಡೆದಿರುವಾಗ ಕೈ ಬಿಡಬಾರದು, ಮಾತು ಆಡಬಾರದು. ಮಾತು ಬೆಳೆದರೆ ರೊಟ್ಟಿಯ ಅಂಚು ಒಡೆಯುತ್ತದೆ. ಹಾಡು ಮುಗಿದು ಮುಂದಿನದು ಬರುವ ತನಕ ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು, ನೀರು ಕುಡಿಯಬಹುದು, ಬೇಕಾದ್ದು ಮಾತಾಡಬಹುದು. ಗಂಗಕ್ಕ ಈ ಸಂದಿನಲ್ಲೇ ಊರಿನ ಸುದ್ದಿ ಹೇಳುತ್ತಾಳೆ. ಒಂದು ಹಾಡಿಗೆ ಒಂದೆರಡು ಮಾತಿನಂತೆ ಮುಂಜಾನೆ ಶುರುವಾದ ಸುದ್ದಿ ಊಟದ ಹೊತ್ತಿಗೆ ದಡ ಮುಟ್ಟುತ್ತದೆ. ಮುಂದೆ ಗಿರಾಕಿಗಳ ಜೊತೆ ಮಾತಾಡುತ್ತಿದ್ದರೂ ನನ್ನ ಒಂದು ಕಿವಿ ಹಿಂದೆಯೇ ಇರುತ್ತದೆ. ಮಾಲಕನಾದವನು ಎಲ್ಲದರ ಮೇಲೂ ಗಮನ ಇಡಬೇಕಲ್ಲ.

ಹೋದ ತಿಂಗಳು ನನ್ನ ಅಳಿಯ ಮಂಜುನಾಥ ಅವರು ನಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಒಳ್ಳೆಯ ಮನುಷ್ಯ, ನನಗೊಂದು ಹೊಸ ಮೊಬೈಲನ್ನೂ ತಂದಿದ್ದರು. ನನ್ನ ಹಳೆಯದರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಬರಬೇಕಾದರೆ ಇಂಟರ್ನೆಟ್ಟು ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಅದನ್ನು ಕಂಡು ಅವರಿಗೆ ನನ್ನ ಮೇಲೆ ಕನಿಕರ ಬಂತು. ಹೊಸ ಮೊಬೈಲಿನಲ್ಲಿ ಏನೇನೋ ಒತ್ತಿ, ಒಂದು ಗೆರೆಯನ್ನು ಬೆರಳಿನಿಂದ ಜಗ್ಗಿ, “ಮಾವಾರ, ಇನ್ನ ಗ್ಯಾಪ್ ಬರಂಗಿಲ್ಲ ನೋಡ್ರಿ. ಒಂದು ಹಾಡು ಇಳಿಯೂದರಾಗ ಇನ್ನೊಂದು ಏರತೈತಿ. ಅಗದಿ ಸ್ಮೂತ್” ಎಂದರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಗೆ ನನಗೆ ಖುಷಿಯೇ ಆಯಿತು. ಗ್ಯಾಪ್ ಹೋದರೆ ರೊಟ್ಟಿ ಹೆಚ್ಚು ಎಂಬ ವಿಚಾರ ನನ್ನ ತಲೆಗೂ ಸ್ಮೂತಾಗಿಯೇ ಏರಿತು.

ಮರುದಿನ ನವಲಗುಂದದ ಒಂದು ಮದುವೆ ಮನೆಗೆ ರೊಟ್ಟಿ ಹೋಗಬೇಕಿತ್ತು. ಸಂಜೆಯ ಬಸ್ಸಿಗೆ ಡಬ್ಬಿ ಏರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮದುವೆಯ ಪಂಕ್ತಿಯಲ್ಲಿ ರೊಟ್ಟಿ ಬರಲಿಲ್ಲವೆಂದರೆ ನನ್ನ ಹೆಸರು ಎರಡು ತಾಲೂಕುಗಳಲ್ಲಿ ಕೆಡುತ್ತದೆ. ಮುಂಜಾನೆ ಹಿಟ್ಟು ನಾದುವಾಗ ಗಂಗಕ್ಕ, ದುಮ್ಮವಾಡದಲ್ಲಿ ತನ್ನ ತಂಗಿಯ ಮಗಳನ್ನು ನೋಡಲು ಬಂದವರ ಸುದ್ದಿ ತೆಗೆದಳು. “ಎಲ್ಲಾರೂ ಚಾ ಕುಡದ್ರು. ಹುಡುಗನ ಅವ್ವ ಕಪ್ಪು ಕೆಳಗಿಟ್ಲು. ಇಟ್ಟು ಏನಂದ್ಲಂದ್ರ...” ಅಷ್ಟರಲ್ಲಿ ನಾನು ಹಾಡು ಹಚ್ಚಿದೆ. ತತ್ವಪದ ಹಾಡುವವನು ಕೊನೆಯ ಸಾಲನ್ನು ಎಳೆಯುತ್ತಿರುವಾಗಲೇ ಅವನ ಬೆನ್ನ ಹಿಂದೆ ಕುಣಿತದ ಡ್ರಮ್ಮು ಬಂತು. ಪಾಪ, ಅವನು ದೇವರ ಪಾದದಲ್ಲಿ ಇದ್ದ, ಅವನನ್ನು ಹಿಡಿದು ಮೆರವಣಿಗೆಗೆ ನೂಕಿದಂತಾಯಿತು. ಡ್ರಮ್ಮು ಇಳಿಯುವುದರೊಳಗೆ ಸಿನೆಮಾದ ಹುಡುಗಿ ಅಳತೊಡಗಿದಳು. ಅವಳ ಅಳು ಮುಗಿಯಲಿಲ್ಲ, ಸೋಬಾನೆ ಬಂತು. ಹಿಂದೆ ನಾಲ್ಕೂ ಕಲ್ಲಿನ ಮೇಲೆ ರೊಟ್ಟಿ ಬಡಿಯುವ ಸದ್ದು ಮಾತ್ರ. ನೀರಿಲ್ಲ, ಮಾತಿಲ್ಲ. ಹುಡುಗನ ಅವ್ವ ಏನಂದಳೋ ಅದೂ ಇಲ್ಲ.

ಹೊತ್ತು ನೆತ್ತಿಗೆ ಬರುವಾಗ ಒಂದು ಕಲ್ಲಿನ ಸದ್ದು ನಿಂತಿತು. ಒಳಗೆ ಹೋದೆ. ಗಂಗಕ್ಕ ಎರಡೂ ಕೈಗಳನ್ನು ಉಡಿಯಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಮುಂಗೈ ಬಾತಿತ್ತು.

“ಯಾಕ ಯಕ್ಕಾ, ಹಿಂಗ್ಯಾಕ ಕುಂತಿ?”

“ಹಾಡ ಮುಗಿಯೂತನಕ ಕೈ ಬಿಡಬಾರದು ಅಂದಿದ್ದಿ, ಮುಂಜಾನಿಂದ ಬಿಟ್ಟಿಲ್ಲ. ಈಗ ಬಿಟ್ಟೀನಿ. ಇನ್ನ ಹಾಡ ಮುಗಿಯೂತನಕ ಹಿಡಿಯಂಗಿಲ್ಲ. ನಿಂದ ಕಾಯ್ದೆ ಲೇ ತಮ್ಮಾ, ನೀನ ಹಾಡ ಮುಗಸು.”

ಉಳಿದ ಇಬ್ಬರೂ ಕೈ ಬಿಟ್ಟರು. ನನ್ನ ಹೆಂಡತಿಯೂ ಬಿಟ್ಟಳು. ಮದುವೆ ಮನೆಯ ಡಬ್ಬಿ ಅರ್ಧವೂ ತುಂಬಿರಲಿಲ್ಲ.

ಮೊಬೈಲ್ ಬಂದ್ ಮಾಡಲು ಕೈ ಚಾಚಿದೆ. ನೀಲವ್ವ ಸೆರಗಿನ ಮರೆಯಿಂದ ಗದರಿಸಿದಳು: “ಏನ್ರಿ, ಅಳಿಯಾರು ಕಟ್ಟಿ ಮ್ಯಾಲ ಕುಂತಾರ. ಪ್ರೀತೀಲೆ ಮಾಡಿಕೊಟ್ಟಾರ. ಅವರ ಕಣ್ಣ ಮುಂದ ಬಂದ್ ಮಾಡಿದ್ರ ನಾಳಿ ಮಗಳು ಮಾತ ಕೇಳಬೇಕಾಗತೈತಿ.”

“ಹಂಗಾರ ನೀನರೆ ರೊಟ್ಟಿ ಬಡಿ.”

“ಹಾಡ ಮುಗೀಲಿ.”

ನಮ್ಮ ಕಡೆ ಕರೆಂಟು ಹೋಗುವುದು ಯಾರ ತಪ್ಪೂ ಅಲ್ಲ, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಿಟ್ಟಿನ ಚೀಲಗಳ ಹಿಂದೆ ಸರಿದು ಮೇನ್ ಸ್ವಿಚ್ ಕೆಳಗೆ ಎಳೆದೆ. ದೀಪ ಹೋಯಿತು, ಫ್ಯಾನು ನಿಂತಿತು. ಫ್ಯಾನಿನ ಸದ್ದು ಹೋದದ್ದರಿಂದ ಹಾಡು ಇನ್ನೂ ಜೋರಾಗಿ ಕೇಳಿಸಿತು. ಕಟ್ಟೆಯ ಮೇಲಿಂದ ಅಳಿಯಂದಿರು ಕೂಗಿ ಹೇಳಿದರು: “ಚಿಂತಿ ಮಾಡಬ್ಯಾಡ್ರಿ ಮಾವಾರ, ಸ್ಪೀಕರ್ ಬ್ಯಾಟರಿ ಮ್ಯಾಲ ನಡೀತೈತಿ. ಸಂಜೀತನಕ ಬರತೈತಿ!”

ಗಂಗಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತೆ.

“ಅಳಿಯಾರ, ನಿಮ್ಮ ಸ್ಮೂತ್ ನನಗ ಬ್ಯಾಡ್ರಿ. ಹಾಡಂದ ಮ್ಯಾಲ ಮುಗೀಬೇಕು. ಒಂದು ರೊಟ್ಟಿ ಹಂಚಿಂದ ಇಳದ ಮ್ಯಾಲ ಇನ್ನೊಂದು ಏರಬೇಕು. ಎರಡೂ ಕೂಡೇ ಹಾಕಿದ್ರ ಒಂದು ಹಸಿ, ಒಂದು ಸೀದು. ಯಾರ ಏನರೆ ಅನ್ನಲಿ, ನನ್ನ ಕೇಂದ್ರದಾಗ ಹಾಡು ಮುಗೀಬೇಕು!”

ಇನ್ನೂ ಏನೇನೋ ಹೇಳಿದೆ. ನಾನು ಚೀಲ ಹೊತ್ತದ್ದು ಬಂತು, ಬೆನ್ನುನೋವು ಬಂತು, ಅವುಗಳಿಗೂ ಹಾಡಿಗೂ ಏನು ಸಂಬಂಧವಿತ್ತೋ ಈಗ ನೆನಪಿಲ್ಲ. ಒಳಗೆ ಹೆಂಡತಿ ಹಣೆ ಬಡಿದುಕೊಂಡದ್ದು ಕೇಳಿಸಿತು. ಅಳಿಯಂದಿರು ಎದ್ದರು. ಚೀಲ ತೆಗೆದುಕೊಂಡು ಹೊರಟೇಬಿಟ್ಟರು ಎಂದುಕೊಂಡೆ. ಆದರೆ ಅವರು ಒಳಗೆ ಬಂದು ಮೊಬೈಲ್ ತೆಗೆದುಕೊಂಡು ಆ ಗೆರೆಯನ್ನು ಹಿಂದಕ್ಕೆ ಜಗ್ಗಿದರು.

“ಇಷ್ಟ ಏನ್ರಿ ಮಾವಾರ? ಮುಂಜಾನೇ ಹೇಳಬಾರದೇನ್ರಿ? ಆ ಡ್ರಮ್ಮಿನ ಗದ್ದಲಕ್ಕ ನನಗೂ ತಲಿ ನೋಯಾಕತ್ತಿತ್ತು. ನೀವು ಖುಷಿ ಆಗೀರಿ ಅಂತ ಸುಮ್ಮ ಕುಂತಿದ್ದೆ.”

ಹಾಡು ಮುಗಿಯಿತು. ಗಂಗಕ್ಕ ಉಸಿರು ಬಿಟ್ಟು, “ಏನಂದ್ಲಂದ್ರ, ಚಾಕ್ಕ...” ಎನ್ನುವುದರೊಳಗೆ ಮುಂದಿನ ಹಾಡು ಬಂದೇಬಿಟ್ಟಿತು. “ಇದೇನ್ ಗ್ಯಾಪ್ ಲೇ ತಮ್ಮಾ? ಸೀನಾಕ ಸಾಲಂಗಿಲ್ಲ!”

ಅಳಿಯಂದಿರು ತಲೆ ಕೆರೆದುಕೊಂಡರು. “ಈ ಗೆರಿ ಸೊನ್ನಿಕಿಂತ ಕೆಳಗ ಬರಂಗಿಲ್ರಿ. ಗ್ಯಾಪ್ ಬೆಳಸೂ ಸೆಟ್ಟಿಂಗ್ ಇದರಾಗ ಇಲ್ಲ. ಯಾರರೆ ಒಬ್ಬರು ಬಾಜೂಕ ಕುಂತು, ಹಾಡ ಮುಗದ ಕೂಡಲೆ ಕೈಲೆ ಬಂದ್ ಮಾಡಬೇಕ ನೋಡ್ರಿ.”

ನಾಲ್ವರು ಹೆಂಗಸರ ಕೈಗೂ ಹಿಟ್ಟು ಮೆತ್ತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

ರೊಟ್ಟಿ ಬಸ್ಸು ಹತ್ತಿತು. ನಾನು ಒತ್ತಿದ ಮೊದಲ ಗ್ಯಾಪಿನಲ್ಲೇ ಸುದ್ದಿಯೂ ದಡ ಮುಟ್ಟಿತು: ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದಳಂತೆ ಹುಡುಗನ ಅವ್ವ. ‘ಮುಂದಿನ ಮನೆಯಲ್ಲಿ ಹೆಚ್ಚು ಹಾಕುತ್ತಾರೆ, ನೋಡಿಕೊಂಡು ಬರ್ರಿ’ ಎಂದಳಂತೆ ಹುಡುಗಿ. ಹಳೆಯ ಮೊಬೈಲಿಗೆ ತಿರುಗಿ ಹೋಗಲು ನೀಲವ್ವ ಬಿಡಲಿಲ್ಲ, ಅಳಿಯಂದಿರ ಮನಸ್ಸು ನೋಯುತ್ತದಂತೆ. ಅಂದಿನಿಂದ ಪ್ರತಿ ಹಾಡು ಮುಗಿದಾಗಲೂ ಒತ್ತಿ ನಿಲ್ಲಿಸುತ್ತೇನೆ. ಗಂಗಕ್ಕ ನೀರು ಕುಡಿದು, ಸೊಂಟ ನೀವಿಕೊಂಡು, ಮಾತು ಮುಗಿಸಿ, “ಹೂಂ, ಹಚ್ಚು” ಎಂದ ಮೇಲೆ ಮುಂದಿನದನ್ನು ಹಚ್ಚುತ್ತೇನೆ. ಮೊದಲಿಗಿಂತ ಈ ಗ್ಯಾಪ್ ಉದ್ದವಾಗಿದೆ, ದಿನದಿನಕ್ಕೆ ಬೆಳೆಯುತ್ತಲೂ ಇದೆ. ನಾನು ಸೋತೆನೆಂದು ಯಾರೂ ತಿಳಿಯಬಾರದು. ನನ್ನ ಕೇಂದ್ರದಲ್ಲಿ ಹಾಡು ಮುಗಿಯಬೇಕು ಎಂದೆ, ಮುಗಿಯುತ್ತಿದೆ. ಎದ್ದು ಚಹಾ ಕುಡಿದು ಬರಲು ನನಗೆ ಪುರಸೊತ್ತಿಲ್ಲ, ಅಷ್ಟೇ. ಈಗ ನನ್ನ ಹತ್ತಿರ ಇರುವುದು: ನಾಲ್ಕು ಒಲೆ, ನಾಲ್ಕು ಹಂಚು, ಒಂದು ಸ್ಪೀಕರ್, ಎರಡು ಮೊಬೈಲ್, ಒಬ್ಬ ಅಳಿಯ, ಮತ್ತು ರಜೆ ಇಲ್ಲದ ಒಂದು ಹೆಬ್ಬೆರಳು.