ಮಗ್ಗದ ಮನೆಗೊಂದು ಹೋಮ್ ಥಿಯೇಟರ್

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಲು ಇಟ್ಟೆ, ಉಕ್ಕಿತು, ಒಲೆ ಒರೆಸಿದೆ. ಉಪ್ಪಿಟ್ಟು ಮಾಡಿದೆ. ಹಾಸಿಗೆಯ ಹೊದಿಕೆಗಳನ್ನು ನೆನೆಹಾಕಿ, ಒಗೆದು, ಮಹಡಿಯ ಮೇಲೆ ಒಣಗಿಸಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಹಿಂದಿನ ಮಗ್ಗದ ಮನೆಯ ನೆಲಕ್ಕೆ ಸೋಪಿನ ಪುಡಿ ಹಾಕಿ ಉಜ್ಜಿದೆ. ಎಣ್ಣೆಯ ಕಲೆ ಇಂದೂ ಹೋಗಲಿಲ್ಲ. ಮಧ್ಯಾಹ್ನ ನಮ್ಮವರ ಸ್ಕೂಟರಿನ ಹಿಂದೆ ಕೂತು ಪೇಟೆಗೆ ಹೋಗಿ ಹೋಮ್ ಥಿಯೇಟರ್ ಆರಿಸಿದೆ. ಆರಿಸಿದೆ ಎಂದರೆ ಕೊಂಡುಕೊಂಡೆ ಎಂದು ಯಾರೂ ತಿಳಿಯಬಾರದು. ನಮ್ಮಂಥವರ ಬಾಳಿನಲ್ಲಿ ಆರಿಸುವುದು ಬೇರೆ, ಕೊಳ್ಳುವುದು ಬೇರೆ. ಆರಿಸುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲವಾದ್ದರಿಂದ ನಾನು ಅದನ್ನು ಬಹಳ ಶ್ರದ್ಧೆಯಿಂದ, ಎಲ್ಲವನ್ನೂ ಮುಟ್ಟಿ ನೋಡಿ ಮಾಡುತ್ತೇನೆ.

ಮಗ್ಗದ ಮನೆ ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆ ಎಂದರೆ ಮುಂದೆ ಎರಡು ಕೋಣೆ, ಹಿಂದೆ ಪವರ್‌ಲೂಮುಗಳ ಉದ್ದನೆಯ ಹಜಾರ. ಆವತಿ ಕಡೆಯ ಹೊಲದ ಮನೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ಟಕಟಕ ಸದ್ದಿಗೆ ಗೋಡೆ ಬಿದ್ದೇಹೋಗುತ್ತದೆ ಎಂದು ಹೆದರಿಕೊಂಡಿದ್ದೆ. ಆಮೇಲೆ ಕರೆಂಟ್ ಹೋಗಿ ಮಗ್ಗ ನಿಂತರೇ ಬೆಚ್ಚಿ ಏಳುವಷ್ಟು ಅದು ರೂಢಿಯಾಯಿತು. ಆ ಸದ್ದಿನಲ್ಲಿ ಯಾರೂ ಕೂಗಾಡುವುದಿಲ್ಲ, ಕೂಗಿ ಪ್ರಯೋಜನವಿಲ್ಲ. ಎಲ್ಲ ಮಾತೂ ತುಟಿಯಲ್ಲಿ, ಕೈಯಲ್ಲಿ. ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದರೆ ಕಾಫಿ. ಐದೂ ಬೆರಳು ಕೂಡಿಸಿದರೆ ಊಟ. ಬೆರಳುಗಳನ್ನು ಉಜ್ಜಿದರೆ ಎಳೆ ಕಿತ್ತಿದೆ, ಬಾ ಎಂದು. ಉಳಿದದ್ದನ್ನೆಲ್ಲ ದನಿಯಿಲ್ಲದೆ ತುಟಿ ಆಡಿಸಿ ಹೇಳುವುದು. ನಾನು ಕಂಡಿಕೆಗೆ ನೂಲು ಸುತ್ತುತ್ತ ಈ ತುದಿಯಲ್ಲಿ, ಅವರು ನೇಯುತ್ತ ಆ ತುದಿಯಲ್ಲಿ. ಮಗಳನ್ನು ಯಾವ ಶಾಲೆಗೆ ಸೇರಿಸುವುದು, ಅತ್ತೆಯ ಸಕ್ಕರೆ ಕಾಯಿಲೆಗೆ ಯಾವ ಡಾಕ್ಟರು, ಎಲ್ಲ ಸಂಸಾರವನ್ನೂ ಹೀಗೆ ಸದ್ದಿಲ್ಲದೆ ಮಾತಾಡಿ ಮುಗಿಸಿದೆವು. ಜಗಳವನ್ನೂ ಹೀಗೆಯೇ ಆಡಿದ್ದೇವೆ. ಅಕ್ಕಪಕ್ಕದವರಿಗೆ ನಮ್ಮದು ಬಹಳ ಅನ್ಯೋನ್ಯ ದಾಂಪತ್ಯ ಎಂಬ ಅಭಿಪ್ರಾಯ ಬಂದದ್ದು ಈ ಕಾರಣದಿಂದ.

ಕಳೆದ ವರ್ಷ ಮಗ್ಗಗಳನ್ನು ಗುಜರಿಗೆ ಹಾಕಿದೆವು. ನಮ್ಮ ಥರದ ಸೀರೆ ಕೇಳುವವರು ಕಡಿಮೆಯಾದರು, ನಮ್ಮವರ ಮೊಣಕಾಲೂ ಸೋತಿತು. ಲಾರಿ ಹೋದ ಮೇಲೆ ಮನೆಯೊಳಗೆ ಒಂದು ಥರ ಮೌನ ಬಂದು ಕೂತಿತು. ಅಲ್ಲಿಂದಲೇ ತೊಂದರೆ ಶುರುವಾದದ್ದು. ನಾನು ಒಲೆಯ ಕಡೆ ತಿರುಗಿಕೊಂಡು ಏನಾದರೂ ಕೇಳಿದರೆ ಅವರಿಂದ ಉತ್ತರವಿಲ್ಲ. ಮುಖಕ್ಕೆ ಮುಖ ಕೊಟ್ಟರೆ ಎಲ್ಲ ಸರಿ. ಮಗ್ಗ ಓಡುತ್ತಿದ್ದಷ್ಟು ದಿನ ಮನೆಯಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ, ಇವರೊಬ್ಬರಿಗೆ ಕೇಳಿಸದಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ.

ಅವರು ಮಾತ್ರ ಒಪ್ಪಲಿಲ್ಲ. ತಪ್ಪೆಲ್ಲ ಟೀವಿಯದು ಎಂದರು. "ಈ ಟೀವಿ ಗೊಣಗುತ್ತೆ ಕಣೇ. ಮಾತಾಡಲ್ಲ." ವಾರ್ತೆ ಓದುವವರ ಮೇಲೆ ಅವರಿಗೆ ಸಿಟ್ಟಿಲ್ಲ, ಪಾಪ, ಮುಖ ತೋರಿಸಿಕೊಂಡು ಓದುತ್ತಾರೆ. ಧಾರಾವಾಹಿಯಲ್ಲಿ ಸೊಸೆ ಬೆನ್ನು ತಿರುಗಿಸಿ ಅಳುತ್ತ ಮಾತಾಡಿದಳೋ, "ಏನಂದ್ಲು? ಏನಂದ್ಲು?" ಎಂದು ನನ್ನ ಮೊಣಕೈ ತಿವಿಯುತ್ತಾರೆ. ಬೇರೆ ಭಾಷೆಯಿಂದ ಕನ್ನಡಕ್ಕೆ ದನಿ ಕೊಟ್ಟ ಸಿನಿಮಾ ಬಂದರಂತೂ ರಿಮೋಟನ್ನು ಮಂಚದ ಮೇಲೆ ಎಸೆಯುತ್ತಾರೆ. "ಮೋಸ ಇದು. ಬಾಯಿ ಒಂದು ಹೇಳುತ್ತೆ, ಮಾತು ಇನ್ನೊಂದು ಹೇಳುತ್ತೆ." ಬಾಯಿ ಏನು ಹೇಳಿತು ಎಂದು ಅವರಿಗೆ ಗೊತ್ತಾಗುತ್ತದಲ್ಲ ಎಂದು ನನಗೆ ಅಚ್ಚರಿ. ಫೋನ್ ಬಂದರೆ "ನೀನೇ ಮಾತಾಡು" ಎಂದು ನನ್ನ ಕೈಗೆ ಕೊಡುತ್ತಾರೆ. ವಿಡಿಯೋ ಕಾಲ್ ಆದರೆ ಕಸಿದುಕೊಳ್ಳುತ್ತಾರೆ.

ಹೀಗಿರುವಾಗ ಖಾಲಿಬಿದ್ದ ಮಗ್ಗದ ಮನೆಗೆ ಒಂದು ಹೋಮ್ ಥಿಯೇಟರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರೇ ತೀರ್ಮಾನಿಸಿದರು. ಕೈಯಲ್ಲಿ ಉಳಿದ ದುಡ್ಡು ಒಂದು ಒಳ್ಳೆಯ ಸಾಮಾನಿಗೆ ಸಾಕು, ಎರಡಕ್ಕೆ ಸಾಲದು. ಸೂಲಿಬೆಲೆಗೆ ಕೊಟ್ಟಿರುವ ನಮ್ಮ ಮಗಳು ಶಿಲ್ಪ ವಿಡಿಯೋದಲ್ಲಿ ಬಂದು ಸಲಹೆಗಾರಳಾದಳು. ಮೊದಲು ಪ್ರೊಜೆಕ್ಟರ್ ಎಂದಳು, ಗೋಡೆಯೇ ಪರದೆಯಾಗುತ್ತದಂತೆ. ಆದರೆ ಎಳೆ ಕಾಣಲಿ ಎಂದು ಮಾವನವರು ಸೂರಿನ ತುಂಬ ಗಾಜಿನ ಹೆಂಚು ಹಾಕಿಸಿದ್ದಾರೆ, ಹಗಲು ಅಲ್ಲಿ ಕತ್ತಲೆ ಎಂಬುದೇ ಇಲ್ಲ. ಪ್ರೊಜೆಕ್ಟರ್ ಹೋಯಿತು. ಹಾಗಾದರೆ ದೊಡ್ಡ ಟೀವಿ ಎಂದಳು. ಎಷ್ಟು ಇಂಚು ಎಂದು ಅವಳು ಕೇಳಿದರೆ ಇವರು ಕೈ ಚಾಚಿ, "ಸೀರೆ ಪನ್ನದಷ್ಟು ಅಗಲ ಇದ್ರೆ ಸಾಕಮ್ಮ" ಎಂದು ನೇಕಾರರ ಲೆಕ್ಕ ಹೇಳಿದರು. ಅದರ ಬೆಲೆ ಕೇಳಿ, ಇರುವ ಟೀವಿಯೇ ಸಾಕಷ್ಟು ಅಗಲವಾಗಿದೆ ಎಂದು ಇಬ್ಬರಿಗೂ ಅನ್ನಿಸಿತು. ಉದ್ದನೆಯ ಹಜಾರದಲ್ಲಿ ಸದ್ದು ಗುಂಯ್‌ಗುಡುತ್ತದೆ, ಗೋಡೆಗೆ ದಪ್ಪ ಪರದೆ ಇಳಿಬಿಡಿ ಎಂದು ಶಿಲ್ಪ ಹೇಳಿದಾಗ ಮಾತ್ರ ಅವರಿಗೆ ರೇಗಿತು. "ನೇಯ್ದಿದ್ದೆಲ್ಲ ಊರೋರ ಮೈಮೇಲೆ ಹೋಯ್ತು. ಈಗ ಗೋಡೆಗೆ ಉಡ್ಸೋಕೆ ನಾನು ಬಟ್ಟೆ ಕೊಂಡ್ಕೋಬೇಕಾ?"

"ಸರಿ ಅಪ್ಪಾ, ಟೀವಿ ಅದೇ ಇರ್ಲಿ, ಪರದೆನೂ ಬೇಡ. ಎಲ್ಲಾನೂ ಸೌಂಡ್‌ಗೇ ಹಾಕಿ" ಎಂದು ಶಿಲ್ಪ ಶರಣಾದಳು.

ಅಂಗಡಿ ರಫೀಕ್ ಭಾಯಿಯದು. ನಮ್ಮ ಮಿಕ್ಸಿ, ಫ್ಯಾನು ಎಲ್ಲ ಅವರ ಅಂಗಡಿಯವೇ. ಬೀದಿಯ ಸದ್ದು ಬಾರದಿರಲಿ ಎಂದು ಗಾಜಿನ ಬಾಗಿಲು ಹಾಕಿ, ನಮಗೆ ಕುರ್ಚಿ ಕೊಟ್ಟು, ಒಂದೊಂದೇ ಇಳಿಸಿ ತೋರಿಸಿದರು. ಮೊದಲು ಒಂದು ಉದ್ದನೆಯ ಕಪ್ಪು ಹಲಗೆ. "ಸೌಂಡ್‌ಬಾರ್ ಅಂತಾರೆ ಅಕ್ಕಾ. ಟೀವಿ ಕೆಳಗಿಟ್ರೆ ಆಯ್ತು, ವೈರಿನ ಕಾಟ ಇಲ್ಲ." ನಮ್ಮವರು ಅದನ್ನು ಕೈಯಲ್ಲಿ ತೂಗಿ, ಗೆಣ್ಣಿನಿಂದ ತಟ್ಟಿ, "ಟೊಳ್ಳು" ಎಂದು ವಾಪಸ್ ಕೊಟ್ಟರು. ಆಮೇಲೆ ಎರಡು ಸಣ್ಣ ಸ್ಪೀಕರು, ಒಂದು ದೊಡ್ಡ ಡಬ್ಬಾ ಇರುವುದು. ಆಮೇಲೆ ಐದು ಸ್ಪೀಕರಿನದು: ಮುಂದೆ ಮೂರು, ಬೆನ್ನ ಹಿಂದೆ ಎರಡು, ಮೂಲೆಗೆ ಡಬ್ಬಾ. ಡಬ್ಬಿಯ ಮೇಲೆ ಬರೆದಿದ್ದ ವ್ಯಾಟನ್ನು ನಾನು ಕನ್ನಡಕ ಹಾಕಿಕೊಂಡು ಓದುತ್ತಿದ್ದರೆ ಭಾಯಿ ನಕ್ಕರು. "ಅದನ್ನ ನಂಬ್ಬೇಡಿ ಅಕ್ಕಾ. ಅದು ಮದ್ವೆ ಗಂಡಿನ ಬಯೋಡೇಟಾ ಇದ್ದಂಗೆ."

ದೊಡ್ಡ ಡಬ್ಬಾದಲ್ಲಿ ಏನೋ ಡಮಡಮ ಹಾಕಿದರು. ನಮ್ಮವರು ಎದ್ದು ಹೋಗಿ ಅದರ ಮೇಲೆ ಅಂಗೈ ಇಟ್ಟರು. ಮಗ್ಗ ಸರಿಯಾಗಿ ಓಡುತ್ತಿದೆಯೇ ಎಂದು ಅದರ ಮುಂಭಾಗದ ಮರದ ಪಟ್ಟಿಯ ಮೇಲೆ ಹಾಗೆಯೇ ಕೈ ಇಟ್ಟು ನೋಡುತ್ತಿದ್ದರು. ಅವರ ಮುಖ ಅರಳಿದ್ದನ್ನು ನಾನು ಬಹಳ ದಿನಗಳ ಮೇಲೆ ಕಂಡೆ.

"ಇದು! ಇದು ಮಾತಾಡ್ತಿದೆ ನೋಡು ಗುರು."

"ಅದು ಬರೀ ದಮ್ಮು ಅಣ್ಣಾ. ಮಾತು ಬರೋದು ಮಧ್ಯದ ಸ್ಪೀಕರಲ್ಲಿ. ಕೇಳಿ ಈಗ" ಎಂದು ಭಾಯಿ ಡಮಡಮ ನಿಲ್ಲಿಸಿ, ಮಧ್ಯದ್ದನ್ನು ಮಾತ್ರ ಹಾಕಿದರು. ಯಾರೋ ಗಂಡ ಹೆಂಡತಿ ಮಾತಾಡುತ್ತಿದ್ದರು. ನನಗೆ ಕೇಳಿಸಿತು, ಎಲ್ಲ ಮಾತೂ ಬಿಡಿಸಿ ತಿಳಿಯಲಿಲ್ಲ, ಆದರೂ ಕೇಳಿಸಿತು. ನಮ್ಮವರು ಆ ಸ್ಪೀಕರಿನ ಮೇಲೂ ಅಂಗೈ ಇಟ್ಟು ಸ್ವಲ್ಪ ಹೊತ್ತು ಕಾದರು.

"ಇದಕ್ಕೆ ಸ್ವಿಚ್ ಹಾಕಿಲ್ಲ ನೀನು."

ಭಾಯಿ ನನ್ನ ಮುಖ ನೋಡಿದರು. ಬಹಳ ಮರ್ಯಾದಸ್ಥರು, ಗಿರಾಕಿಯ ಮನಸ್ಸು ನೋಯಿಸುವವರಲ್ಲ. ಅದಕ್ಕೇ ದನಿಯನ್ನು ಪೂರ್ತಿ ನುಂಗಿಕೊಂಡು, ಬರೀ ತುಟಿ ಆಡಿಸಿ ನನ್ನನ್ನು ಕೇಳಿದರು: "ಅಣ್ಣಂಗೆ ಕಿವಿ ಕೇಳ್ಸಲ್ವಾ ಅಕ್ಕಾ?"

ನೇಕಾರನ ಎದುರಿಗೆ ಅದಕ್ಕಿಂತ ದೊಡ್ಡ ದನಿಯಲ್ಲಿ ಹೇಳಲು ಸಾಧ್ಯವೇ ಇರಲಿಲ್ಲ.

"ಕೇಳ್ಸುತ್ತೆ ಕಣಪ್ಪಾ" ಎಂದರು ನಮ್ಮವರು, ಡಬ್ಬಾದ ಪಕ್ಕದಿಂದ.

ಭಾಯಿ ನಾಲಿಗೆ ಕಚ್ಚಿಕೊಂಡರು. "ಮಾಫ್ ಮಾಡಿ ಅಣ್ಣಾ. ನಾನು ಅಷ್ಟು ಮೆತ್ತಗೆ..."

"ನೀನು ಆ ಕಡೆ ತಿರುಗಿ ಜೋರಾಗಿ ಅಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."

ಹೇಳಿಬಿಟ್ಟರು. ಒಂದು ವರ್ಷದಿಂದ ಟೀವಿಯ ಮೇಲೆ, ಧಾರಾವಾಹಿಯ ಸೊಸೆಯ ಬೆನ್ನಿನ ಮೇಲೆ ಹಾಕಿ ಕಾಪಾಡಿಕೊಂಡಿದ್ದ ಮಾತು ಅಂಗಡಿಯಲ್ಲಿ ಜಾರಿಬಿತ್ತು. ನನಗೆ ನಗು ಬಂತು. ಸಿಕ್ಕ ಸಮಯ ಬಿಡಬಾರದೆಂದು ಅವರ ಎದುರು ಹೋಗಿ ನಿಂತು, "ರೀ, ಈ ದುಡ್ಡಲ್ಲಿ ಮೊದ್ಲು ಒಂದು ಕಿವಿ ಮಿಷನ್ ತಗೊಳ್ಳೋಣ. ಇದಕ್ಕೇನು, ಆಮೇಲೆ ನೋಡೋಣ" ಎಂದೆ. ಅವರು ನನ್ನ ಬಾಯಿಯನ್ನು ಬಿಟ್ಟು ಗೋಡೆಯ ಫ್ಯಾನುಗಳ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಮಾತು ಮುಗಿಸುವುದು ಹೀಗೆ. ಮುಖ ತಿರುಗಿಸಿದರೆ ಆಯಿತು, ಬಾಗಿಲು ಹಾಕಿದ ಹಾಗೆ.

ಭಾಯಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಪರಿಸ್ಥಿತಿಯನ್ನು ತಿಳಿಮಾಡಲು, "ಅಕ್ಕಾ, ನೀವು ಕೂತ್ಕೊಳ್ಳಿ. ನೀವು ಕೇಳಿ ಹೇಳಿ, ನಿಮ್ಮ ಕಿವಿ ಮೇಲೆ ಅಣ್ಣ ತಗೊಳ್ಲಿ. ಈ ಐದರ ಮಜಾ ಇರೋದು ಹಿಂದಿನ ಎರಡರಲ್ಲಿ. ಕಣ್ಮುಚ್ಚಿ, ಹೊಲದಲ್ಲಿ ಕೂತಂಗೆ ಇರುತ್ತೆ" ಎಂದರು. ನಾನು ಸೆರಗು ಸರಿಮಾಡಿಕೊಂಡು, ಪರೀಕ್ಷೆ ಮಾಡಲು ಬಂದ ಹೆಡ್‌ಮಿಸ್ಸಿನಂತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಮನಸ್ಸಿನಲ್ಲಿ ಗಂಡನ ಬಗ್ಗೆ ಬಹಳ ಕನಿಕರ ತುಂಬಿಕೊಂಡಿತ್ತು. ಪಾಪ, ಇನ್ನು ಮುಂದೆ ಎಲ್ಲವನ್ನೂ ನಾನೇ ಕೇಳಿ ಹೇಳಬೇಕು. ಬಾಗಿಲು, ಫೋನು, ಮಗಳ ಸುಖದುಃಖ. ಹೇಳುತ್ತೇನೆ, ನನಗೇನು ಭಾರ ಎಂದುಕೊಂಡೆ. ಹೀಗೆ ದೊಡ್ಡ ಮನಸ್ಸು ಮಾಡಿಕೊಂಡು ಭಾಯಿ ಶುರು ಮಾಡುವುದನ್ನು ಕಾಯುತ್ತ ಕೂತೆ. ವೈರು ಸಿಕ್ಕಿಸುತ್ತಿರಬೇಕು ಎಂದು ಮತ್ತೂ ಕಾದೆ. ಕೊನೆಗೆ ಸಾಕಾಗಿ ಕಣ್ಣು ಬಿಟ್ಟೆ.

"ಯಾವಾಗ ಹಾಕ್ತೀರಾ ಭಾಯ್?"

ಭಾಯಿ ರಿಮೋಟು ಹಿಡಿದು ನಿಂತಿದ್ದರು. "ಹಾಕಿ ಮುಗೀತಲ್ಲ ಅಕ್ಕಾ. ಜೀರುಂಡೆ, ಆಮೇಲೆ ಗಾಳಿಗೆ ಎಲೆ ಅಲ್ಲಾಡಿದ್ದು..."

ಅವರ ಮಾತನ್ನು ನಾನು ಕೇಳಿದೆನೋ, ತುಟಿ ನೋಡಿ ತಿಳಿದೆನೋ, ಆ ಗಳಿಗೆಯಲ್ಲಿ ಮೊದಲ ಸಲ ಅನುಮಾನ ಬಂತು. ಅದೇ ಮಗ್ಗದ ಮನೆಯಲ್ಲಿ ಅವರಷ್ಟೇ ಕಾಲ ನಾನೂ ಕೂತಿದ್ದೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕನಿಕರಕ್ಕೆ ನಾನು ಅವರೊಬ್ಬರಿಗೇ ಕುರ್ಚಿ ಹಾಕಿದ್ದೆ.

ನಮ್ಮವರು ಫ್ಯಾನುಗಳಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಅವರಿಗೂ ಜೀರುಂಡೆ ಕೇಳಿಸಿರಲಿಕ್ಕಿಲ್ಲ. ಆದರೆ ಭಾಯಿಯ ಮುಖ, ನನ್ನ ಮುಖ ಎರಡನ್ನೂ ಓದಿಕೊಂಡರು. ಅಣಕಿಸಬಹುದಾಗಿತ್ತು. ನನಗಾದರೂ ಅಂಥ ಅವಕಾಶ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಅವರು ಅಣಕಿಸಲಿಲ್ಲ. ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಕೊನೆಯ ಸಲ ಅವರು ಪೇಟೆಯಲ್ಲಿ ನನ್ನ ಚೀಲ ಹಿಡಿದದ್ದು ಶಿಲ್ಪ ಹೊಟ್ಟೆಯಲ್ಲಿದ್ದಾಗ.

"ಬರ್ತೀವಿ ಗುರು. ಯೋಚ್ನೆ ಮಾಡಿ ಬರ್ತೀವಿ" ಎಂದರು.

ಎದ್ದುಹೋಗುವ ಗಿರಾಕಿಯನ್ನು ಮೆಟ್ಟಿಲ ತನಕ ಬಂದು, ಇನ್ನೂ ಕಡಿಮೆ ಮಾಡಿಕೊಡ್ತೀನಿ ಎಂದು ಕರೆಯುವುದು ರಫೀಕ್ ಭಾಯಿಯ ಪದ್ಧತಿ. ಇಂದು ಕರೆಯಲಿಲ್ಲ. ಬಾಗಿಲು ತೆಗೆದು ಹಿಡಿದುಕೊಂಡು, "ಹುಷಾರಾಗಿ ಹೋಗಿ ಅಕ್ಕಾ, ಹಿಂದೆ ಗಾಡಿ ನೋಡ್ಕೊಳ್ಳಿ" ಎಂದರು. ಅದೇ ಹೆಚ್ಚು ಚುಚ್ಚಿತು.

ಹೊರಗೆ ಸ್ಕೂಟರಿನ ಪಕ್ಕ ನಿಂತು ನಾವು ಮಾತಾಡಿಕೊಂಡೆವು. ಬಸ್ಸು, ಆಟೋ, ಹಾರ್ನು ಇವುಗಳ ನಡುವೆ ನಮ್ಮ ಹಳೆಯ ಭಾಷೆ ಸರಾಗವಾಗಿ ಬಂತು. ಇರುವ ದುಡ್ಡಿಗೆ ಒಂದು ಮಿಷನ್ ಬರಬಹುದು. ಕಿವಿ ಒಟ್ಟು ನಾಲ್ಕು.

"ನೀನು ಹಾಕಿಸ್ಕೋ" ಎಂದರು.

"ನಂಗೆ ಅಷ್ಟೇನಿಲ್ಲ. ನಿಮಗೇ ಜಾಸ್ತಿ."

"ಅದಕ್ಕೇ ಹೇಳಿದ್ದು. ನಂಗೆ ಹೋಗಿದ್ದು ಹೋಯ್ತು. ನಿಂದು ಇನ್ನೂ ಇದೆ, ಉಳಿಸ್ಕೋ. ಶಿಲ್ಪ ಫೋನ್ ಮಾಡಿದ್ರೆ ಒಬ್ಬರಿಗಾದ್ರೂ ಅವಳ ದನಿ ಕೇಳ್ಬೇಕಲ್ಲ."

"ಮತ್ತೆ ನೀವು?"

"ನಾನು ನಿನ್ನ ಬಾಯಿ ನೋಡ್ಕೋತೀನಿ. ಹೊಸದಾ ನಂಗೆ?"

ರಸ್ತೆಯಲ್ಲಿ ಹೋಗುವವರಿಗೆ, ಯಾವುದೋ ವಯಸ್ಸಾದ ಜೋಡಿ ಒಬ್ಬರನ್ನೊಬ್ಬರು ಕಣ್ಣು ಕೀಳದೆ ನೋಡುತ್ತ ನಿಂತಿದೆ ಎಂದು ಕಂಡಿರಬೇಕು. ಒಬ್ಬ ಹುಡುಗಿ ತಿರುಗಿ ತಿರುಗಿ ನೋಡಿಕೊಂಡು ಹೋದಳು. ಸೋಮವಾರ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗುವುದು, ಮಿಷನ್ ಯಾರಿಗೆ ಎಂದು ಡಾಕ್ಟರೇ ಹೇಳಲಿ ಎಂದು ಒಪ್ಪಂದವಾಯಿತು. ಇಬ್ಬರೂ ಒಪ್ಪಿದೆವೇ ಹೊರತು, ಡಾಕ್ಟರು ಇನ್ನೊಬ್ಬರ ಹೆಸರು ಹೇಳಲಿ ಎಂದು ಇಬ್ಬರೂ ಹರಸಿಕೊಂಡಂತಿತ್ತು.

ಸಂಜೆ ಶಿಲ್ಪ ವಿಡಿಯೋದಲ್ಲಿ ಬಂದು, "ಯಾವ್ದು ತಗೊಂಡ್ರಿ?" ಎಂದಳು. "ಇನ್ನೂ ಆರಿಸ್ತಿದೀವಿ ಕಣಮ್ಮ" ಎಂದರು ಇವರು. ನಾನೂ ತಲೆಯಾಡಿಸಿದೆ.

ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅದರ ಪಲ್ಯ. ಅವರು ಒಂದು ಮುದ್ದೆ ಉಂಡು ಇನ್ನರ್ಧ ಹಾಕಿಸಿಕೊಂಡರು. ನಾನು ಉಳಿದರ್ಧ ಉಂಡು, ಮಜ್ಜಿಗೆ ಕುಡಿದು, ಪಾತ್ರೆ ತೊಳೆದಿಟ್ಟೆ. ದೀಪ ಆರಿಸಿ ಮಲಗಿದ ಮೇಲೆ, ಇಡೀ ದಿನ ಹೇಳಬೇಕೆಂದುಕೊಂಡಿದ್ದ ಒಂದು ಮಾತನ್ನು ಅವರಿಗೆ ಹೇಳಿದೆ. ಉತ್ತರ ಬರಲಿಲ್ಲ. ಕತ್ತಲಲ್ಲಿ ತುಟಿ ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ನನ್ನ ಮಾತು ಅವರಿಗೆ ಕೇಳಿಸಲಿಲ್ಲವೋ, ಅವರು ಏನಾದರೂ ಹೇಳಿ ನನಗೇ ಕೇಳಿಸಲಿಲ್ಲವೋ, ಅವರಿಗೆ ನಿದ್ದೆಯೇ ಬಂದಿತ್ತೋ ತಿಳಿಯದು. ಮೊದಲು ನಿದ್ದೆ ಹೋದವರು ಅವರು ಎಂದೇ ಈ ದಿನಚರಿಯಲ್ಲಿ ಬರೆದಿಡುತ್ತೇನೆ.