ಮನೆತನದ ಕುತ್ತಿಗೆ

ಹೆದರಿಕೆಯ ಹೊತ್ತಿನಲ್ಲೇ ನಗು ಬರುವಂಥ ಪ್ರಸಂಗಗಳು ನಮ್ಮ ಮನೆತನದ ಬೆನ್ನು ಬಿಟ್ಟಿದ್ದೇ ಇಲ್ಲ. ಹಿಂದೆಲ್ಲ ವರ್ಷಕ್ಕೊಂದು ಆಗುತ್ತಿತ್ತು. ಹೋದ ವರ್ಷ ಅಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಸಾಲುಸಾಲಾಗಿ ಬಂದವು. ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತಿಳಿದವರು ಹೆದರಬಾರದು ಅಂತಾರೆ. ನಾನು ತಿಳಿದೂ ಹೆದರಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧. ಉಪ್ಪಿನ ಉಪಚಾರ

ಅಕ್ಕ ಇರುವುದು ಇಂಡಿ ಊರಿನಲ್ಲಿ. ಗಂಟು ಮೊದಲು ಸಣ್ಣ ನಿಂಬೆಕಾಯಿಯಷ್ಟಿತ್ತು. ನೋವಿಲ್ಲ, ಏನಿಲ್ಲ. ಪಕ್ಕದ ಮನೆಯಾಕೆ ನೋಡಿ, "ಅಯೋಡಿನ್ ಕಮ್ಮಿ ಆಗೇತ್ರಿ, ಉಪ್ಪು ಬದಲ ಮಾಡ್ರಿ" ಅಂದಳು. ಅಕ್ಕ ಉಪ್ಪಿನ ಪ್ಯಾಕೆಟ್ ಬದಲಿಸಿದಳು. ಗಂಟು ಕರಗಲಿಲ್ಲ. ಸಾಲದೇನೋ ಅಂತ ಪಲ್ಯಕ್ಕೆ, ಬ್ಯಾಳಿಗೆ, ಕೊನೆಗೆ ರೊಟ್ಟಿಯ ಹಿಟ್ಟಿಗೂ ಹಾಕತೊಡಗಿದಳು.

ಮೂರು ತಿಂಗಳಿಗೆ ಅವಳ ಗಂಡನಿಗೆ ತಲೆ ಸುತ್ತಿ ಬಂತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಬಿಪಿ ನೋಡಿ, ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂತ ಅಕ್ಕನ ಕಡೆ ತಿರುಗಿದವರು ಹಾಗೇ ನಿಂತರು.

"ಅದೇನ್ರಿ ನಿಮ್ಮ ಕುತ್ತಿಗ್ಯಾಗ?"

ಅದು ಥೈರಾಯ್ಡ್ ಕ್ಯಾನ್ಸರ್ ಆಗಿತ್ತು. ಕುತ್ತಿಗೆಯ ಬದಿಯ ಗ್ರಂಥಿಗಳಿಗೂ ಹರಡಿತ್ತು. ಆಪರೇಶನ್ ಆಯಿತು. ಅಕ್ಕನ ದನಿ ಎರಡು ತಿಂಗಳು ಬರೀ ಗಾಳಿಯಾಗಿತ್ತು. ಭಾವ ಮಾತ್ರ ಇವತ್ತಿಗೂ ಬಂದವರ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಾನೆ:

"ನನ್ನ ಬಿಪಿ ಏರಲಿಲ್ಲಂದ್ರ ಈಕಿ ಗಂಟು ಯಾರ ನೋಡತಿದ್ರಿ? ಕುಟುಂಬದ ಸಲುವಾಗಿ ಏರಿಸ್ಕೊಂಡೇನಿ."

೨. ನುಂಗಿ ನೋಡುವುದು

ಆಪರೇಶನ್ ಮಾಡಿದ ಡಾಕ್ಟರು ನನ್ನನ್ನು ಒಳಗೆ ಕರೆದರು. ಇದು ಮನೆತನದಲ್ಲಿ ಇಳಿದು ಬರುವ ಜಾತಿಯ ಕ್ಯಾನ್ಸರ್, ಒಂದು ಜೀನಿನಲ್ಲಿ ಸಣ್ಣ ಬದಲಾವಣೆ, ತಾಯಿಯಿಂದಲೋ ತಂದೆಯಿಂದಲೋ ಬಂದಿರುತ್ತದೆ, ಒಡಹುಟ್ಟಿದವರಿಗೆ ಇರುವ ಸಂಭವ ಅರ್ಧಕ್ಕರ್ಧ. ನನಗಿದ್ದರೆ ನನ್ನ ಮಗಳಿಗೂ ಅರ್ಧಕ್ಕರ್ಧ. ಮಗಳು ಎಂಟನೇ ತರಗತಿ. ಈ ಅರ್ಧಕ್ಕರ್ಧದ ಲೆಕ್ಕವನ್ನು ನಾನು ಬಟಾಣಿ ಗಿಡದ ಪಾಠದಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಆ ದಿನ ಮಾತ್ರ ಅದೇ ಲೆಕ್ಕವನ್ನು ಡಾಕ್ಟರಿಂದ ಮೂರು ಸಲ ಹೇಳಿಸಿಕೊಂಡೆ.

ಆಮೇಲೆ ಸುರುವಾಯಿತು ನೋಡಿ. ಬೆಳಿಗ್ಗೆ ಎದ್ದರೆ ಕನ್ನಡಿ, ಬಾಯಿ ತುಂಬ ನೀರು, ತಲೆ ಮೇಲೆತ್ತಿ ನುಂಗುವುದು, ಏನಾದರೂ ಉಬ್ಬುತ್ತದೆಯೇ ಅಂತ ನೋಡುವುದು. ಸ್ಟಾಫ್ ರೂಮಿನಲ್ಲೂ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಒಂದು ದಿನ ಕನ್ನಡ ಕಲಿಸುವ ಬಾಯಾರು ಕಾರಣ ಕೇಳಿದರು. ಹೇಳಿದೆ. ಹೇಳಬಾರದಿತ್ತು.

ಮರುದಿನ ಬಿಡುವಿನಲ್ಲಿ ಹೆಡ್ ಮಾಸ್ತರು ಬಂದು ನೋಡಿದರೆ ಏಳು ಜನ ಮಾಸ್ತರು ತಲೆ ಮೇಲೆತ್ತಿ ಸಾಲಾಗಿ ನೀರು ನುಂಗುತ್ತಿದ್ದಾರೆ. ಪಿ.ಟಿ. ಮಾಸ್ತರರಂತೂ ಬೆವತು ಹೋಗಿದ್ದರು.

"ನನಗ ಐತ್ರಿ ಸರ್! ನುಂಗಿದ್ರ ಮ್ಯಾಲ ಕೆಳಗ ಹೋಗತೈತಿ!"

ಹೆಡ್ ಮಾಸ್ತರು ಹತ್ತಿರ ಹೋಗಿ ಮುಟ್ಟಿ ನೋಡಿ ಹೇಳಿದರು, "ಅದು ಗಂಟಲಮಣಿ ಐತೋ ಮಾರಾಯ. ನಿಮ್ಮಪ್ಪಗೂ ಇತ್ತು."

೩. ದೊಡ್ಡವ್ವನ ಯಾತ್ರೆ

ನಮ್ಮವ್ವ ತೀರಿಕೊಂಡಿದ್ದಾಳೆ. ಅವಳ ಕಡೆಯಿಂದ ಬಂದದ್ದೋ ಅಂತ ತಿಳಿಯಬೇಕಾದರೆ ಉಳಿದವಳು ಅವಳ ಅಕ್ಕ, ಸಿಂದಗಿಯ ದೊಡ್ಡವ್ವ. ಹೋಗಿ ಕೇಳಿದೆ.

"ನನಗೇನೂ ಇಲ್ಲವಾ. ಗುಂಡಕಲ್ಲ ಇದ್ದಂಗ ಅದೇನಿ."

ಅಷ್ಟು ಹೇಳಿ ಸೆರಗನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಬೇಸಿಗೆಯ ಮಧ್ಯಾಹ್ನ. ಒಳಗೆ ದೇವರ ಜಗಲಿಯ ಮೇಲೆ ಒಂದು ಡಬ್ಬಿ ಇತ್ತು. ಅದರಲ್ಲಿ ದಿನಾ ಬೆಳಿಗ್ಗೆ ನುಂಗುವ 'ಶಕ್ತಿ ಗುಳಿಗಿ'. ಹೆಸರು ಓದಿದೆ. ಥೈರಾಯ್ಡ್ ತೆಗೆಸಿಕೊಂಡವರು ನುಂಗುವ ಗುಳಿಗೆ ಅದು.

ನಾನು ಅವಳ ಎದುರು ಕೂತು ಅತ್ತೆ. ಮಗಳ ಹೆಸರು ತೆಗೆದು ಅತ್ತೆ. ದೊಡ್ಡವ್ವ ಎದ್ದು ಬಾಗಿಲು ಮುಂದೆ ಮಾಡಿ ಸೆರಗು ಸರಿಸಿದಳು. ಕುತ್ತಿಗೆಯ ಸುತ್ತ ಹಳೆಯ ಹೊಲಿಗೆಯ ಗೆರೆ. ಸೊಲ್ಲಾಪುರದಲ್ಲಿ ಆಪರೇಶನ್ ಆಗಿ ಮೂವತ್ತು ವರ್ಷವಾಗಿತ್ತು. ಹೆಣ್ಣುಮಕ್ಕಳ ಲಗ್ನ ಆಗಬೇಕಿತ್ತು, ಬೀಗರ ಕಿವಿಗೆ ಬೀಳಬಾರದು ಅಂತ ಮುಚ್ಚಿಟ್ಟಳಂತೆ. ಲಗ್ನ ಆದ ಮೇಲೆ ಮೊಮ್ಮಕ್ಕಳ ಲಗ್ನ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಇವಳು ಒಂದು ಮಾತು ಹೇಳಿದ್ದರೆ ಅಕ್ಕನ ಗಂಟು ಹರಡುವ ಮೊದಲೇ ಸಿಗುತ್ತಿತ್ತು.

"ಆವಾಗ ದೇವಿ ಯಾತ್ರಿಗೆ ತುಳಜಾಪುರಕ್ಕ ಹೊಂಟೇನಿ ಅಂತ ಎಲ್ಲಾರಿಗೂ ಸುಳ್ಳ ಹೇಳಿದ್ದಿಯಲ್ಲ ದೊಡ್ಡವ್ವ!"

ದೊಡ್ಡವ್ವನಿಗೆ ಅದೊಂದು ಮಾತು ತಡೆಯಲಾಗಲಿಲ್ಲ. "ದೇವರ ಹೆಸರಲೇ ಸುಳ್ಳ ಹೇಳ್ತೇನೇನ? ಹೊಲಿಗಿ ಬಿಚ್ಚಿದ ದಿನಾನ ಹಂಗ ಮುಂದ ಬಸ್ ಹತ್ತಿ ತುಳಜಾಪುರಕ್ಕ ಹೋಗಿ ಬಂದೇನಿ!"

೪. ಕರೆಯದ ರಕ್ತ

ರಕ್ತ ಒಯ್ಯಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬಂದಳು. ಮನೆತನದ ಕಾಯಿಲೆಗಳ ನಕ್ಷೆ ಬರೆಯುವುದೇ ಅವಳ ಕೆಲಸ. ಎಲ್ಲರಿಗೂ ನಡುವೆ ಆಗುತ್ತದೆ ಅಂತ ಬಸವನ ಬಾಗೇವಾಡಿಯ ಅಜ್ಜನ ಮನೆಯಲ್ಲಿ ಸೇರಿದ್ದೆವು. ಹುಡುಗಿ ಮೈಸೂರು ಕಡೆಯವಳು, ಮೆಲ್ಲಗೆ ಮಾತಾಡುವವಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆಯುತ್ತ ಬಂದು, ಅಕ್ಕನ ಗಂಡನ ಹತ್ತಿರ ನಿಂತಳು.

"ಇವರು ನಿಮಗೆ ಭಾವ ಅಲ್ವಾ? ಮಾಮಾ ಅಂತೀರಲ್ಲ?"

ಹೌದು. ಅವನು ನಮ್ಮವ್ವನ ತಮ್ಮ. ಅಕ್ಕ ಸೋದರಮಾವನನ್ನೇ ಮದುವೆಯಾದವಳು. ಹಾಗಾಗಿ ದೊಡ್ಡವ್ವ ಅಕ್ಕನಿಗೆ ದೊಡ್ಡವ್ವನೂ ಹೌದು, ಗಂಡನ ಅಕ್ಕನೂ ಹೌದು. ಹುಡುಗಿ ಎರಡು ಸಲ ರಬ್ಬರ್ ಉಜ್ಜಿ, "ಹಾಗಿದ್ರೆ ಇವರಿಗೂ ಇರಬಹುದು" ಅಂದಳು. ಎಲ್ಲರೂ ತಲೆಯೆತ್ತಿ ಮಾಳಿಗೆಯ ತೊಲೆ ಎಣಿಸತೊಡಗಿದೆವು. ಮಾಮಾ ದತ್ತಕ ಬಂದವನು. ಆರು ವರ್ಷದವನಿದ್ದಾಗ ಆಲಮೇಲದ ಕಡೆಯ ಬೇರೊಂದು ಮನೆತನದಿಂದ ಅಜ್ಜ ತಂದದ್ದು. ಊರಿಗೆಲ್ಲ ಗೊತ್ತು, ಅವನ ಎದುರು ಮಾತ್ರ ಯಾರೂ ಆಡುವುದಿಲ್ಲ. ನಾನು ಹುಡುಗಿಯನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದೆ. ಅವಳು ಹೆಸರು ಹೊಡೆದು ಹಾಕಿದಳು.

ಹುಡುಗಿ ದೊಡ್ಡವ್ವನನ್ನು ಕರೆದಳು, ನನ್ನನ್ನು ಕರೆದಳು. ತೋಳು ಮಡಚಿಕೊಂಡು ಕೂತಿದ್ದ ಮಾಮಾ ಎದ್ದ.

"ಎಲ್ಲಾರ್ನೂ ಕರದ್ರಿ. ನಂದ್ಯಾಕ ರಕ್ತ ಬ್ಯಾಡ? ಲಗ್ನದಾಗ ಪಂಕ್ತಿ ಬಿಟ್ಟಂಗ ಬಿಡ್ತೀರೇನ?"

ಹುಡುಗಿ ಸಮಾಧಾನದಿಂದ, "ನೀವು ದತ್ತು ಬಂದವರು ಸಾರ್. ನಿಮಗೆ ಈ ಮನೆ ಜೀನ್ ಬರೋದಿಲ್ಲ" ಅಂದಳು.

ಮಾಮಾ ಒಳಗೆ ಹೋದ. ಟ್ರಂಕಿನ ಸಪ್ಪಳ ಕೇಳಿತು. ಹಳದಿ ಬಿದ್ದ ದತ್ತಕ ಪತ್ರ ತಂದು ಅವಳ ಚೌಕ-ವೃತ್ತಗಳ ಮೇಲೆ ಹರವಿದ.

"ಓದ್ರಿ ಬಾಯಾರ. ಹೊಟ್ಟೀಲೆ ಹುಟ್ಟಿದ ಮಗನ ಸಕಲ ಹಕ್ಕು ಅಂತ ಐತಿ. ರಿಜಿಸ್ಟರ್ ಆಗೇತಿ. ಸಕಲ ಅಂದ ಮ್ಯಾಲ ರೋಗ ಹೊರತಪಡಿಸಿ ಅಂತ ಎಲ್ಲಿ ಐತಿ, ತೋರಸ್ರಿ!"

ಹುಡುಗಿ ಪೂರ್ತಿ ಓದಿದಳು. ಎಲ್ಲಿಯೂ ಇರಲಿಲ್ಲ. ಚೀಲದಿಂದ ಇನ್ನೊಂದು ಸೂಜಿ ತೆಗೆದಳು.

೫. ರಿಪೋರ್ಟು

ಕಾದ ವಾರಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಮಗಳು ಊಟ ಮಾಡುವಾಗ ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. "ಯಾಕವ್ವಾ ಹಂಗ ನೋಡ್ತಿ?" ಅಂದರೆ ಸರ ಚಂದ ಕಾಣತೈತಿ ಅನ್ನುತ್ತಿದ್ದೆ. ಅವಳು ಸರವನ್ನೇ ಹಾಕಿಕೊಂಡಿರುತ್ತಿರಲಿಲ್ಲ.

ಹುಡುಗಿ ಫೋನ್ ಮಾಡಿದ ದಿನ ಅಕ್ಕ, ಮಾಮಾ ನಮ್ಮ ಮನೆಯಲ್ಲೇ ಇದ್ದರು. ಜೀನಿನ ಆ ಬದಲಾವಣೆ ದೊಡ್ಡವ್ವನಿಗೆ ಇದೆ. ನನಗೂ ಇದೆ. ಗಂಟಿಲ್ಲ, ಹರಡುವ ಮಾತಿಲ್ಲ, ಈಗಲೇ ಗ್ರಂಥಿ ತೆಗೆಸಿದರೆ ಬದುಕು ನಡೆಯುತ್ತದೆ ಅಂದಳು. ಮಗಳ ರಕ್ತ ಬೇಗ ತೆಗೆಯಬೇಕು ಅಂತಲೂ ಅಂದಳು. ಫೋನ್ ಇಡದೆಯೇ ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ನನ್ನನ್ನು ತಬ್ಬಿ ಗೊಗ್ಗರು ದನಿಯಲ್ಲಿ ಅಳತೊಡಗಿದಳು. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳು, "ನನಗ ಸೂಜಿ ಅಂದ್ರ ಅಂಜಿಕಿ" ಅಂತ ಒಂದೇ ಮಾತು ಅಂದು ಮಾಮಾನ ಮಗ್ಗುಲಿಗೆ ಹೋಗಿ ಕೂತಳು.

ಮಾಮಾ ಯಾರ ಮುಖವನ್ನೂ ನೋಡದೆ ಕೇಳಿದ, "ನಂದೇನ ಬಂತು?"

"ನಿನಗಿಲ್ಲ ಮಾಮಾ."

ಅವನ ಮುಖ ಒಮ್ಮೆಲೆ ಬಿದ್ದುಹೋಯಿತು. "ಆಕಿಗ ಐತಿ, ನಿನಗೈತಿ, ಸಿಂದಗಿ ಅಕ್ಕಗ ಐತಿ. ನನಗೊಬ್ಬಂಗ ಇಲ್ಲ?" ಅಂತ ಹೆಗಲ ಮೇಲಿನ ಟಾವೆಲ್‌ನಿಂದ ಕಣ್ಣೊರೆಸಿಕೊಂಡ. ಕ್ಯಾನ್ಸರ್ ಇಲ್ಲ ಅಂತ ಅಳುವ ಮನುಷ್ಯನನ್ನು ನೋಡಿ ಅಕ್ಕನಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಅವಳನ್ನು ನೋಡಿ ನನಗೂ ಬಂತು. ನಿಲ್ಲಿಸಲು ಆಗಲಿಲ್ಲ.

ಮಾಮಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. ಇನ್ನೊಂದು ಕೈಯಲ್ಲಿ ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದ.

"ಬಾಯಾರ, ಈ ಕೂಸಿನ ರಕ್ತ ತಗೊಳಾಕ ಬರೋವಾಗ ಎರಡು ಸೂಜಿ ತರ್ರಿ. ಮೊದಲ ನಂದ ತಗೊಳ್ರಿ. ಈ ಸಲ ಬರೋಬ್ಬರಿ ನೋಡ್ರಿ!"