ಹೊಲಕ್ಕೇ ಹೋಗಬೇಕೆಂದ ಮುದುಕ

ಕಣ್ಣಿನ ಆಪರೇಷನ್ ಶಿಬಿರವೆಂದರೆ ಜನ ಕಣ್ಣಿನ ಕಥೆ ಕೇಳುತ್ತಾರೆ. ನಾನು ನರ್ಸ್, ನನಗೆ ನೆನಪಿರುವುದೆಲ್ಲ ಇನ್ನೊಂದು ತುದಿಯ ಕಥೆಗಳೇ. ಎಪ್ಪತ್ತರ ದಶಕದಲ್ಲಿ ವಿಜಾಪುರದಿಂದ ಜೀಪು ಹತ್ತಿ ಯಾವ ಊರಿನ ಸಾಲೆಯಲ್ಲಿ ಹಾಸಿಗೆ ಹಾಸಿದರೂ ಅಲ್ಲಿ ಕಕ್ಕಸು ಇರುತ್ತಿರಲಿಲ್ಲ, ನಮಗೆ ಫಜೀತಿ ತಪ್ಪುತ್ತಿರಲಿಲ್ಲ.

ಬಣವೆ

ಬಬಲೇಶ್ವರದ ಸಾಲೆಯ ಹಿಂದೆ ಬರೀ ಎರೆಹೊಲ. ಮರೆಗೆ ಒಂದು ಗಿಡವಿಲ್ಲ. ಇದ್ದದ್ದು ಒಬ್ಬ ರೈತನ ಜೋಳದ ಕಣಿಕೆ ಬಣವೆ ಮಾತ್ರ. ನಾನೂ ಶಿಬಿರದ ಅಡಿಗೆಯಾಕೆಯೂ ತಂಬಿಗೆ ಹಿಡಿದು ಅದರ ಹಿಂದೆ ಹೋಗುತ್ತಿದ್ದೆವು. ಬಣವೆ ದಿನದಿನಕ್ಕೆ ಗಿಡ್ಡಾಯಿತು. ಕೊನೆಗೆ ಕೂತರೂ ತಲೆ ಬಗ್ಗಿಸಬೇಕಾಯಿತು. ಅಡಿಗೆಯಾಕೆ ತಡೆಯಲಾರದೆ ರೈತನನ್ನು ಕೇಳಿಯೇಬಿಟ್ಟಳು.

"ಯಣ್ಣಾ, ಕ್ಯಾಂಪ್ ಮುಗಿಯೂತನಾ ಕಣಕಿ ಇಡಾಕ ಆಗೂದಿಲ್ಲೇನು?"

"ಎತ್ತಿಗೆ ಏನ ಹಾಕ್ಲಿ ಯವ್ವಾ?"

ಆಮೇಲೆ ನಾವು ಹಗಲೆಲ್ಲ ನೀರು ಕುಡಿಯದೆ ಕತ್ತಲೆಗೆ ಕಾದೆವು. ಹೊಟ್ಟೆನೋವು ನಮಗೆ. ನಮ್ಮ ಮರ್ಯಾದೆ ಮೇದು ಮುಗಿಸಿದ ಎತ್ತು ಮಾತ್ರ ದಷ್ಟಪುಷ್ಟವಾಗಿತ್ತು.

ಬೆಡ್‌ಪ್ಯಾನ್

ಟಿಕೋಟಾದ ಶಿಬಿರಕ್ಕೆ ಕನಮಡಿ ಕಡೆಯ ಮುದುಕನೊಬ್ಬ ಹೆಂಡತಿಯ ಕೈಹಿಡಿದು ಬಂದ. ಒಂದು ಕಣ್ಣು ಹಿಂದೆಯೇ ಹೋಗಿತ್ತು. ಉಳಿದದ್ದರ ಪೊರೆ ತೆಗೆದರು. ಆಗೆಲ್ಲ ಆಪರೇಷನ್ ಆದವರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆಯ ಎರಡೂ ಬದಿ ಉಸುಕಿನ ಚೀಲ ಇಟ್ಟುಕೊಂಡು ದಿನಗಟ್ಟಲೆ ಅಂಗಾತ ಮಲಗಬೇಕಿತ್ತು. ಎದ್ದರೆ, ತಿಣುಕಿದರೆ ಹೊಲಿಗೆ ಬಿಚ್ಚಿ ಕಣ್ಣು ಹೋಗುವ ಭಯ. ಎಲ್ಲವೂ ಬೆಡ್‌ಪ್ಯಾನಿನಲ್ಲೇ.

ಮುದುಕ ಒಪ್ಪಲಿಲ್ಲ. ನರ್ಸಿಗೆ ಅಲ್ಲಿ ಬಾಯಾರು ಎನ್ನುತ್ತಿದ್ದರು. "ಬಾಯಾರ, ನಮ್ಮಪ್ಪ ಮಲಕೊಂಡ ಮಾಡಿದ್ದು ಒಮ್ಮೆ. ಅವತ್ತ ಸತ್ತ."

ಬರಲೇಬಾರದೆಂದು ಊಟ ಬಿಟ್ಟ. ಉಂಡೆನೆಂದು ನನಗೆ ಸುಳ್ಳು ಹೇಳಿ, ರೊಟ್ಟಿಯನ್ನು ಪಕ್ಕದ ಹಾಸಿಗೆಯವನ ಕಡೆ ಸರಿಸುತ್ತಿದ್ದ. ಅವನಿಗೂ ಪಟ್ಟಿ. ಅವನು ಒಂದು ದಿನ ನನಗೆ ಕೈಮುಗಿದ. "ಭಾಳ ಚಲೋ ನೋಡ್ಕೊಂಡ್ರಿ ಬಾಯಾರ. ಇಲ್ಲಿ ಉಂಡ ಮ್ಯಾಲ ಮತ್ತೊಮ್ಮೆ ಊಟ ಕೊಡ್ತಾರ."

ಹೊಲ

ಮುದುಕನ ಹೊಟ್ಟೆ ಉಬ್ಬಿತು. "ಹೊಲಕ್ಕ ಕರಕೊಂಡ ಹೋಗ್ರಿ, ಇಲ್ಲಾ ನಾನ ಎದ್ದ ಹೋಕ್ಕೀನಿ" ಎಂದು ಹಟ ಹಿಡಿದ. ಡಾಕ್ಟರು ಬೈದರು, ನಾನು ಬೇಡಿಕೊಂಡೆ. ಕೊನೆಗೆ ಹೆಂಡತಿ ನನಗೆ ಸನ್ನೆ ಮಾಡಿ, ಗಂಡನಿಗೆ "ನಡೀರಿ, ಹೊಲಕ್ಕ ಹೋಗೂಣು" ಎಂದಳು.

ಮಲಗಿದ್ದಂತೆಯೇ ಅವನನ್ನು ಸ್ಟ್ರೆಚರಿಗೆ ಸರಿಸಿ, ಸಾಲೆಯ ಅಂಗಳದಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿಸಿ, ಮತ್ತೆ ಅದೇ ಕೋಣೆಯಲ್ಲಿ ಇಳಿಸಿದೆವು. ಅವಳು ಒಂದು ಹಿಡಿ ಎರೆಮಣ್ಣನ್ನು ಅವನ ಅಂಗೈಯಲ್ಲಿಟ್ಟಳು.

"ಹೊಲ ಬಂತ್ರಿ. ಯಾರೂ ಇಲ್ಲ. ಡಾಕ್ಟರ ಹೇಳ್ಯಾರ, ಮಲಕೊಂಡ ಆಗ್ಲಿ."

ನಾನು ಬೆಡ್‌ಪ್ಯಾನ್ ಸರಿಸಿದೆ. ಕೋಣೆಯವರೆಲ್ಲ ಉಸಿರು ಬಿಗಿಹಿಡಿದರು. ಕೆಲಸ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ಪಕ್ಕದವನಿಗೆ ಕೆಮ್ಮು ಬಂತು.

"ಯಾವನಲೇ ಅವ, ನಮ್ಮ ಹೊಲದಾಗ?" ಎಂದು ಮುದುಕ ಗದರಿದ.

ಇಡೀ ಕೋಣೆ ನಕ್ಕಿತು. ನಗಬೇಡಿ, ಹೊಲಿಗೆ ಬಿಚ್ಚುತ್ತದೆ ಎಂದು ಕೂಗುತ್ತಲೇ ನಾನೂ ನಕ್ಕೆ.

ಪಟ್ಟಿ ಬಿಚ್ಚಿದ ದಿನ ಉಳಿದವರು ಡಾಕ್ಟರ ಬೆರಳು ಎಣಿಸಿದರು. ಮುದುಕನಿಗೆ ಏನೂ ಕಾಣಲಿಲ್ಲ. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಒಳಗಿನ ನರ ಮೊದಲೇ ಸತ್ತಿತ್ತಂತೆ. ಅಷ್ಟೆಲ್ಲ ಮಾಡಿ ಹೀಗಾಯಿತಲ್ಲ ಎಂದು ನನಗೆ ಸಂಕಟವಾಯಿತು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವನು ತಡಕಾಡಿ ಅವಳ ಕೈ ಹಿಡಿದ.

"ಅಳಬ್ಯಾಡ ಬೇ. ಇನ್ನ ನೀ ಎಲ್ಲಿ ಒಯ್ದ ಕುಂಡ್ರಸ್ತಿ, ಅದ ನಮ್ಮ ಹೊಲ. ಆ ಕೆಮ್ಮಾವನ್ನ ಮಾತ್ರ ಮದಲ ಹೊರಗ ಹಾಕು."